ಜನಾನಾ ಶೋದಲ್ಲಿ ಕುದುರೆ ದಂಡು

ನಮ್ಮ ಮನೆಗೆ ಟಿ.ವಿ. ಬಂದ ದಿನದಿಂದ ನನ್ನ ಮೇಲೊಂದು ಫಿರ್ಯಾದಿ ಇದೆ. ನಾನು ಅದರ ಕಿವಿ ಹಿಂಡುತ್ತೇನಂತೆ. ಭಾನುವಾರ ಸಂಜೆ ಸಿನಿಮಾ ಶುರುವಾಗಿ, ಓಣಿಯ ಅರ್ಧ ಜನ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂತಿರುತ್ತಾರೆ. ನಾನು ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಶಬ್ದದ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುವಿಬಿಡುತ್ತೇನೆ. ಪರದೆಯ ಮೇಲೆ ನಾಯಕಿ ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚತೊಡಗುತ್ತಾಳೆ. ಮಗ ಸಿಡುಕುತ್ತಾನೆ: “ಅವ್ವಾ, ಮಂದಿ ಏನ್ ತಿಳ್ಕೊಬೇಕು?” ನಾನು ಹೇಳುತ್ತೇನೆ: “ಆಕಿ ಮುಖ ನೋಡೊ. ಏನ್ ಹೇಳಾಕತ್ತಾಳ ಅಂತ ಎಲ್ಲಾ ಅಲ್ಲೇ ಅದ.” ಅವನು ಮತ್ತೆ ಗುಂಡಿಯನ್ನು ಬಲಕ್ಕೆ ತಿರುವುತ್ತಾನೆ. ಹೀಗೆ ಎಡಕ್ಕೂ ಬಲಕ್ಕೂ ತಿರುಗಿ ತಿರುಗಿ ಆ ಗುಂಡಿ ಈಗ ಸಡಿಲಾಗಿದೆ.

ಇಷ್ಟಕ್ಕೂ ನಾನೇನು ಮೌನದ ಉಪಾಸಕಿಯಲ್ಲ. ತವರಿನಲ್ಲಿ ನನ್ನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಊರಿಗೆಲ್ಲ ಇದ್ದ ಒಂದೇ ರೇಡಿಯೋ ಗೌಡರ ಮನೆಯಲ್ಲಿತ್ತು. ಅದು ಕೆಟ್ಟು ನಿಂತಾಗ, “ರಿಪೇರಿ ಆಗೋತನಕ ಆ ಹುಡುಗಿನ್ನ ಕರ್ಕೊಂಬಂದು ಕೂಡಸ್ರಿ” ಎನ್ನುತ್ತಿದ್ದರು. ಬಸವಕಲ್ಯಾಣಕ್ಕೆ ಸೊಸೆಯಾಗಿ ಬಂದದ್ದು ನಮ್ಮ ಸೀಮೆ ಹೈದರಾಬಾದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಊರಿಗೂ ಆಗ ತಾನೇ ಹೊಸ ಹೆಸರು ಬಂದಿತ್ತು. ಹಳಬರ ಬಾಯಲ್ಲಿ ಇನ್ನೂ ಕಲ್ಯಾಣಿಯೇ. ಮದುವೆಯ ಮಂಟಪದಲ್ಲಿ ನನಗೂ ಹೊಸ ಹೆಸರಿಟ್ಟರು. ಅತ್ತೆ ಬಹಳ ಯೋಚಿಸಿ ಆರಿಸಿದ್ದು: ಶಾಂತಾ. ಊರೂ ನಾನೂ ಹೊಸ ಹೆಸರಿಗೆ ಓಗೊಡುವುದನ್ನು ಜೊತೆಜೊತೆಗೇ ಕಲಿತೆವು. ಊರು ಬೇಗ ಕಲಿಯಿತು.

ಆ ಮನೆಯಲ್ಲಿ ನನಗಿಂತ ಒಂದೆರಡು ವರ್ಷ ದೊಡ್ಡವಳಾದ ಒಬ್ಬ ನಾದಿನಿ ಇದ್ದಳು. ನೀಲಮ್ಮ. ಚಿಕ್ಕವಳಿದ್ದಾಗ ಬಂದ ಒಂದು ಜ್ವರ ಇಳಿಯುವಾಗ ಕಿವಿಯನ್ನೂ ತೆಗೆದುಕೊಂಡು ಹೋಗಿತ್ತು. ಅಷ್ಟರೊಳಗೆ ಕಲಿತಿದ್ದ ಮಾತುಗಳು ಬಳಕೆಯಿಲ್ಲದ ಕುಡುಗೋಲಿನ ಹಾಗೆ ತುಕ್ಕು ಹಿಡಿದು, ಕೊನೆಗೆ “ಅವ್ವ” ಎಂಬುದೊಂದೇ ಉಳಿದಿತ್ತು. ಅದನ್ನೂ ಅವಳು ತೀರ ಬೇಕಾದಾಗ ಮಾತ್ರ ಆಡುತ್ತಿದ್ದಳು. ಉಳಿದದ್ದೆಲ್ಲ ಕೈಯಲ್ಲಿ. ಹಣೆಯ ಮೇಲೆ ಮೂರು ಬೆರಳು ಅಡ್ಡ ಎಳೆದರೆ ಅತ್ತೆ, ದಪ್ಪ ವಿಭೂತಿ ಹಚ್ಚುತ್ತಿದ್ದುದಕ್ಕೆ. ಮೀಸೆ ತಿರುವಿದರೆ ಅವಳ ಅಣ್ಣ, ಅಂದರೆ ನಮ್ಮವರು. ನಾನು ಬಂದ ವಾರದೊಳಗೆ ನನಗೂ ಒಂದು ಹೆಸರು ಬಿತ್ತು. ಬಾಯಿಯ ಮುಂದೆ ನಾಲ್ಕು ಬೆರಳು ಮತ್ತು ಹೆಬ್ಬೆರಳನ್ನು ಬಾತುಕೋಳಿಯ ಕೊಕ್ಕಿನ ಹಾಗೆ ಬಡಬಡನೆ ತೆರೆದು ಮುಚ್ಚುವುದು. ತವರಿನವರು ಇಟ್ಟದ್ದು, ಅತ್ತೆ ಇಟ್ಟದ್ದು, ನೀಲಮ್ಮ ಇಟ್ಟದ್ದು, ಈ ಎಲ್ಲ ಹೆಸರುಗಳಲ್ಲಿ ನನಗೆ ಸರಿಯಾಗಿ ಒಪ್ಪಿದ್ದು ಅದೇ.

ನಾನು ಅವಳ ಕೈಮಾತು ಬೇಗ ಕಲಿತೆ. ಅದರಲ್ಲಿ ಜಾಣತನವೇನಿಲ್ಲ. ಹೊಸ ಸೊಸೆ ಹಿರಿಯರ ಮುಂದೆ ಬಾಯಿ ತೆರೆಯುವ ಹಾಗಿಲ್ಲ; ನನಗೋ ಮಾತಾಡದಿದ್ದರೆ ಉಂಡದ್ದು ಕರಗದು. ಕೈಯಲ್ಲಾದರೂ ಆಡೋಣವೆಂದು ಕಲಿತೆ. ಒಲೆಯ ಮುಂದೆ ಕೂತು ನಾವಿಬ್ಬರೂ ಇಡೀ ಓಣಿಯ ಸುದ್ದಿಯನ್ನು ಸದ್ದಿಲ್ಲದೆ ಅರೆದು ಹಾಕುತ್ತಿದ್ದೆವು. ಅತ್ತೆ ಪಡಸಾಲೆಯಿಂದ, “ನಮ್ಮ ಸೊಸಿ ಭಾಳ ಶಾಂತದಾಕಿ ಬಂದಾಳ” ಎಂದು ಬಂದವರ ಮುಂದೆ ಹೇಳಿಕೊಳ್ಳುವುದು ನನಗೆ ಕೇಳುತ್ತಿತ್ತು.

ನೀಲಮ್ಮನಿಗೆ ಗಂಡು ಗೊತ್ತಾಗದ್ದೇ ಅತ್ತೆಯ ಎದೆಯ ಕಲ್ಲಾಗಿತ್ತು. ನೋಡಲು ಚೆಲುವೆ, ಅವಳು ಬಡಿದ ಜೋಳದ ರೊಟ್ಟಿ ವೀಳ್ಯದೆಲೆಯಷ್ಟು ತೆಳ್ಳಗೆ. ಆದರೆ ಬಂದವರೆಲ್ಲ, “ನಿನ್ನ ಹೆಸರೇನವ್ವ?” ಎಂಬ ಮೊದಲ ಪ್ರಶ್ನೆಗೇ ಎದ್ದು ಹೋಗುತ್ತಿದ್ದರು. ಹೀಗಿರುವಾಗ ಮನ್ನಾಏಖೇಳ್ಳಿಯ ಬಳೆಗಾರನೊಬ್ಬ ಒಂದು ಸಂಬಂಧ ತಂದ. ಹುಮನಾಬಾದಿನ ಹುಡುಗ, ರೇವಣಪ್ಪ. ಧಾನ್ಯದ ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದ. ತಂದೆ ಇರಲಿಲ್ಲ, ತಾಯಿ ಚಂದ್ರಮ್ಮನದೇ ಯಜಮಾನಿಕೆ.

“ಹುಡುಗಿ ಬಗ್ಗೆ ಎಲ್ಲಾ ಹೇಳಿದ್ಯೇನಪ್ಪ?” ಎಂದು ಅತ್ತೆ ಕೇಳಿದರು.

ಬಳೆಗಾರ ಗಂಟು ಬಿಚ್ಚುತ್ತ ಹೇಳಿದ: “ಹುಡುಗಿ ಮಾತು ಭಾಳ ಕಡಿಮಿ ಅಂತ ಹೇಳೀನ್ರಿ. ಸುಳ್ಳೇನಲ್ಲಲ್ರಿ.”

ಚಂದ್ರಮ್ಮ ಹೇಳಿ ಕಳಿಸಿದ್ದು ಹೀಗೆ: ಹುಮನಾಬಾದಿನಲ್ಲಿ ಸಿನಿಮಾ ಶುರುವಾಗಿದೆ, ವಾರಕ್ಕೊಮ್ಮೆ ಮಧ್ಯಾಹ್ನ ಹೆಣ್ಣುಮಕ್ಕಳಿಗಾಗಿಯೇ ಜನಾನಾ ಶೋ ಇರುತ್ತದೆ, ಈ ವಾರ ದೇವರ ಸಿನಿಮಾ. ಹುಡುಗಿಯನ್ನು ಕರೆದುಕೊಂಡು ಬನ್ನಿ, ಅಲ್ಲಿಯೇ ನೋಡುತ್ತೇನೆ. ಮನೆಗೆ ಬಂದು ಉಪ್ಪಿಟ್ಟು ತಿಂದು ಹೆಣ್ಣು ಬೇಡವೆನ್ನುವುದು ನನಗೆ ಸರಿಬರುವುದಿಲ್ಲ.

ಅತ್ತೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನನ್ನನ್ನು ಕರೆದು, “ಕತ್ತಲದಾಗ ಯಾರು ಮಾತಾಡಸ್ತಾರ? ನೀ ಆಕಿ ಬಾಜೂಕ ಕೂಡು. ಏನರೆ ಕೇಳಿದ್ರ ನೀ ಉತ್ತರ ಕೊಡು. ಹುಡುಗಿಗಿ ನಾಚಿಕಿ ಅಂತ ಹೇಳು. ಅಕ್ಕಿಕಾಳು ಬಿದ್ದಮ್ಯಾಲ ಮುಂದಿಂದು ಶರಣರ ಇಚ್ಛೆ” ಎಂದರು. ಆ ತಾಯಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದೆಷ್ಟು ಸಲ ಉಪ್ಪಿಟ್ಟು ಮಾಡಿ ಸೋತಿದ್ದರೋ.

ನೀಲಮ್ಮನಿಗೆ ಕೇಳುವುದಿಲ್ಲವೆಂದು ಅವಳ ಎದುರಿಗೇ ಎಲ್ಲರೂ ಎಲ್ಲ ಮಾತಾಡುತ್ತಿದ್ದರು. ಅವಳಿಗೆ ಮುಖ ಓದಲು ಬರುತ್ತದೆಂಬುದು ಮರೆತೇಹೋಗುತ್ತಿತ್ತು. ಮಧ್ಯಾಹ್ನ ಅವಳು ನನ್ನನ್ನು ಬೀಸುವ ಕಲ್ಲಿನ ಹತ್ತಿರ ಕರೆದು ಕೈಯಲ್ಲಿ ಕೇಳಿದಳು: ನನ್ನ ಕಿವಿಯ ಸುದ್ದಿ ಅವರಿಗೆ ಗೊತ್ತಿಲ್ಲವೇ? ನಾನು ಇಲ್ಲವೆಂದೆ. ಅವಳು ಕಲ್ಲಿನ ಗೂಟ ಹಿಡಿದು ಬೀಸತೊಡಗಿದಳು. ಹಿಟ್ಟು ಅವತ್ತು ಬಹಳ ನುಣ್ಣಗೆ ಬಂದಿತ್ತು.

ಹುಮನಾಬಾದಿನ ಬಸ್ಸಿನ ಕತೆ ಬೇರೆ ಹೇಳಬೇಕು. ಮಂಠಾಳದ ಕಡೆಯ ಒಬ್ಬಳು ಹೆಂಗಸು ಎರಡು ಕೋಳಿಗಳನ್ನು ಕಾಲು ಕಟ್ಟಿ ತಂದಿದ್ದಳು. ರಾಜೇಶ್ವರ ದಾಟುವ ಹೊತ್ತಿಗೆ ಒಂದು ಕೋಳಿ ಅತ್ತೆಯ ಇಲಕಲ್ ಸೀರೆಯ ಮಡಿಲಿಗೆ ಬಂದು ಕೂತಿತ್ತು. ಹೆಣ್ಣು ತೋರಿಸಲು ಹೊರಟವರಿಗೆ ಇದು ಶಕುನವೋ ಅಪಶಕುನವೋ ಎಂದು ಅತ್ತೆ ಹುಮನಾಬಾದ ಮುಟ್ಟುವವರೆಗೂ ಚಿಂತಿಸಿದರು. ನೀಲಮ್ಮ ಮಾತ್ರ ಆ ಕೋಳಿಯನ್ನು ಸವರುತ್ತ ಕಿಟಕಿಯಾಚೆಯ ತೊಗರಿ ಹೊಲಗಳನ್ನು ನೋಡುತ್ತಿದ್ದಳು.

ಸಿನಿಮಾದ ಮನೆ ಎಂದರೆ ಪೇಟೆಯ ಹಿಂದಿನ ಒಂದು ತಗಡಿನ ಗೋದಾಮು. ಮೊದಲು ಅದರಲ್ಲಿ ಒಣಮೆಣಸಿನಕಾಯಿ ಇಡುತ್ತಿದ್ದರು. ಮೆಣಸಿನಕಾಯಿ ಹೋಗಿದ್ದರೂ ಘಾಟು ಹೋಗಿರಲಿಲ್ಲ. ಹಾಗಾಗಿ ಅಲ್ಲಿ ಎಲ್ಲ ಸಿನಿಮಾಗಳೂ ಸೀನಿನಿಂದಲೇ ಶುರುವಾಗುತ್ತಿದ್ದವು. ನಾವು ಒಳಗೆ ಹೋದಾಗ ಸುಮಾರು ಜನ ಹೆಂಗಸರು ಸೀರೆಯ ಸೆರಗು, ಬುರ್ಖಾದ ಅಂಚು ಮೂಗಿಗೆ ಹಿಡಿದು ಸೀನುತ್ತಿದ್ದರು. ಬಾಗಿಲು ಕಾಯುವ ಖೈರೂನ್‌ ಬೀ ಎಂಬ ಮುದುಕಿ ಬಂದವರನ್ನೆಲ್ಲ ಕೈಹಿಡಿದು ಚಾಪೆಯ ಮೇಲೆ ಕೂಡಿಸುತ್ತಿದ್ದಳು. ದೇವರ ಸಿನಿಮಾ ಎಂದು ಬಹಳ ಜನ ತೆಂಗಿನಕಾಯಿ, ಹೂವು ತಂದಿದ್ದರು. ಚಂದ್ರಮ್ಮನ ಕೈಯಲ್ಲೂ ಒಂದು ಮಲ್ಲಿಗೆಯ ಮಾಲೆ ಇತ್ತು. ಎತ್ತರದ ಹೆಂಗಸು, ಗಂಡಸಿನ ದನಿ. ನೀಲಮ್ಮನನ್ನು ಮೇಲಿಂದ ಕೆಳಗೆ ನೋಡಿ, “ಕೂಡ್ರಿ, ಕೂಡ್ರಿ. ಸಿನಿಮಾ ಆದಮ್ಯಾಲ ಮಾತಾಡೋಣು” ಎಂದು ನಮ್ಮ ಮುಂದಿನ ಸಾಲಿನಲ್ಲಿ ಕೂತರು. ಅತ್ತೆ ನನ್ನ ತೊಡೆ ಚಿವುಟಿದರು. ಶುಭ ಲಕ್ಷಣ ಎಂದು ಅರ್ಥ.

ಪರದೆಯ ಮೇಲೆ ಬೆಳಕು ಬಿತ್ತು. ಎಲ್ಲರೂ ಕೈಮುಗಿದರು. ಬಂದದ್ದು ಶಿವನೂ ಅಲ್ಲ, ಪಾರ್ವತಿಯೂ ಅಲ್ಲ. ಟೋಪಿ ಹಾಕಿ, ಕತ್ತಿ ಕಟ್ಟಿ, ಕುದುರೆ ಏರಿದ ಬಿಳಿಯರ ದಂಡು. ಮುಗಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಕೆಲವರು ಹಾಗೇ ಕೂತರು. ಕುದುರೆಗಳು ಧೂಳೆಬ್ಬಿಸಿ ಓಡುತ್ತಿದ್ದವು, ಒಂದಿಷ್ಟೂ ಸದ್ದಿಲ್ಲ. ಹೊರಗೆ ಬೆಳಕಿಗಾಗಿ ಹಚ್ಚಿದ ಎಣ್ಣೆ ಎಂಜಿನಿನ ಡುಬುಡುಬು ಮಾತ್ರ. ಹಿಂದಿನ ಗೋಡೆಯ ಕಿಂಡಿಯಿಂದ ಮಷೀನು ನಡೆಸುವವನು ಬಾಯಿ ಹಾಕಿದ. ಜನಾನಾ ಶೋದಲ್ಲಿ ಗಂಡಸು ಒಳಗೆ ಬರುವ ಹಾಗಿರಲಿಲ್ಲ.

“ಅವ್ವಾರೇ, ಸೋಲಾಪುರದಾಗ ಡಬ್ಬಿ ಅದಲಬದಲ ಆಗ್ಯಾವ್ರಿ. ಇದು ಹಳೀ ಮೂಕ ಸಿನಿಮಾ. ಇದರಾಗ ಆವಾಜ್ ಇಲ್ರಿ. ಬಂದ್ ಮಾಡ್ಲೇನ್ರಿ?”

ಗದ್ದಲವಾಯಿತು. ಮನೆಯ ಕೆಲಸ ಬಿಟ್ಟು, ಅತ್ತೆಯರ ಕಾಲು ಹಿಡಿದು, ಎಳೆಕೂಸು ಕಟ್ಟಿಕೊಂಡು ಬಂದವರು ಸುಮ್ಮನೆ ಎದ್ದು ಹೋಗುತ್ತಾರೆಯೇ? ಖೈರೂನ್‌ ಬೀ ಬಾಗಿಲಿನಿಂದಲೇ ತೀರ್ಪು ಕೊಟ್ಟಳು: “ಚಲಾವೋ ಬಾಬಾ. ಘೋಡೇ ತೋ ಅಚ್ಛೇ ಹೈಂ.” ಕುದುರೆಗಳಾದರೂ ಚೆನ್ನಾಗಿವೆ ಎಂಬುದು ಎಲ್ಲರಿಗೂ ಒಪ್ಪಿಗೆಯಾಯಿತು. ಸಿನಿಮಾ ಮುಂದುವರಿಯಿತು.

ಕಟ್ಟಿಗೆಯ ಗೂಟ ನೆಟ್ಟು ಮಾಡಿದ ಒಂದು ಕೋಟೆ ಕಾಣಿಸಿತು. ಹಿಂದಿನಿಂದ ಯಾರೋ, “ಇದೇನು ಕ್ವಾಟಿ? ನಮ್ಮ ಕಲ್ಯಾಣಿ ಕ್ವಾಟಿ ಮುಂದ ಇದು ದನದ ದೊಡ್ಡಿ” ಎಂದಳು. ಆಮೇಲೆ ತಲೆಗೆ ಗರಿ ಸಿಕ್ಕಿಸಿಕೊಂಡ ಜನ ಬಂದರು. ನಡುನಡುವೆ ಪರದೆ ಕಪ್ಪಾಗಿ ಇಂಗ್ಲೀಷಿನ ಸಾಲುಗಳು ಮೂಡುತ್ತಿದ್ದವು. ಅವನ್ನು ಓದಬಲ್ಲವರು ಆ ಗೋದಾಮಿನಲ್ಲಿ ಯಾರೂ ಇರಲಿಲ್ಲ. “ಏನಂತ? ಯಾರವರು? ಯಾಕ ಬಡದಾಡಾಕತ್ತಾರ?” ಎಂದು ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದರು.

ಪಕ್ಕದಲ್ಲಿ ನೀಲಮ್ಮ ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದಳು. ಕಣ್ಣು ಪರದೆಯ ಮೇಲೆ, ಕೈ ನನ್ನ ಮಡಿಲಲ್ಲಿ. ಗರಿಯವರು ಇಲ್ಲಿಯವರು, ಇದು ಅವರ ನೆಲ. ಟೋಪಿಯವರು ಆಚೆಯಿಂದ ಬಂದವರು. ಆ ದಪ್ಪ ಮೀಸೆಯವನು ದಂಡಿನ ಯಜಮಾನ; ಆ ಚಿಕ್ಕ ಹುಡುಗಿ ಅವನ ಮಗಳು. ಆ ತೆಳ್ಳಗಿನವನು ಕಳ್ಳ, ಅವನ ಕಣ್ಣು ನೋಡು, ಕೈಕುಲುಕುವಾಗ ಅವನು ಬೇರೆ ಕಡೆ ನೋಡುತ್ತಾನೆ. ಅವಳಿಗೆ ಇದರಲ್ಲಿ ಏನೂ ಹೊಸದಿರಲಿಲ್ಲ. ಇಡೀ ಜಗತ್ತೇ ಅವಳಿಗೆ ದಿನಾಲೂ ಹೀಗೆಯೇ ಕಾಣುತ್ತಿತ್ತು. ಅವತ್ತು ನಾವೆಲ್ಲ ಅವಳ ಮನೆಗೆ ಬಂದ ಹೊಸಬರು.

ನಾನು ಸುಮ್ಮನಿರಬೇಕಿತ್ತು. ಅತ್ತೆ ಕರೆತಂದದ್ದು ಕೇಳಿದ್ದಕ್ಕಷ್ಟೇ ಉತ್ತರ ಕೊಡಲು. ಆದರೆ ಕತೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನಕ್ಕೆ ಒಗ್ಗದ ಮಾತು. “ಆ ಸಣಕಲ ಮನಷ್ಯಾ ಭಾಳ ಖೊಟ್ಟಿ ಇದ್ದಾನ” ಎಂದು ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು. ಸ್ವಲ್ಪ ಹೊತ್ತಿಗೆ ಆ ಸಣಕಲ ನಿಜವಾಗಿಯೂ ಗರಿಯವರ ಹಿಟ್ಟಿನ ಚೀಲದಲ್ಲಿ ಮಣ್ಣು ಬೆರೆಸಿದ. ಹಿಂದಿನಿಂದ ಒಬ್ಬಳು, “ಯಾರವ್ವ ಅದು ಹೇಳಿದಾಕಿ? ಇನ್ನಷ್ಟು ಜೋರಲೆ ಹೇಳು” ಎಂದಳು. ಅತ್ತೆ ನನ್ನ ತೊಡೆ ಮತ್ತೆ ಚಿವುಟಿದರು. ಈ ಚಿವುಟಿನ ಅರ್ಥ ಬೇರೆ ಇತ್ತು. ಆದರೆ ಹೊತ್ತು ಮೀರಿತ್ತು.

ನೀಲಮ್ಮನ ಕೈ ಹೇಳಿದ್ದನ್ನು ನಾನು ಕೂಗಿ ಹೇಳತೊಡಗಿದೆ. ಮೊದಮೊದಲು ಅಷ್ಟೇ ಹೇಳಿದೆ. ಆಮೇಲೆ ಸ್ವಲ್ಪ ಒಗ್ಗರಣೆ ಹಾಕಿದೆ. ದಂಡಿನ ಯಜಮಾನನಿಗೆ ಎರಡನೇ ಹೆಂಡತಿ ಕೊಟ್ಟೆ. ಕೋಟೆಯ ಬಾವಿಯಲ್ಲಿ ನೀರಿಲ್ಲವೆಂದೆ. ಜನ ನಕ್ಕರು. ನೀಲಮ್ಮನಿಗೆ ನಗು ಕೇಳುವುದಿಲ್ಲ, ಆದರೆ ಮುಂದಿನವರ ಭುಜ ಕುಲುಕುವುದು ಕಾಣುತ್ತದೆ. ಪರದೆಯ ಮೇಲೆ ಕುದುರೆಯೊಂದು ಸಾಯುತ್ತಿರುವಾಗ ಇವರು ಯಾಕೆ ನಗಬೇಕು? ಅವಳು ನನ್ನ ಕಡೆ ತಿರುಗಿ ಕೊಕ್ಕಿನ ಬೆರಳು ಮಾಡಿ, ಕಣ್ಣು ಕೆಂಪಗೆ ಮಾಡಿದಳು: ಏನು ಹೇಳುತ್ತಿದ್ದೀಯ? ನಾನು ಹೇಳಿದಷ್ಟೇ ಹೇಳು. ಅಲ್ಲಿಂದ ಮುಂದೆ ನಾನು ಅವಳು ಹೇಳಿದಷ್ಟೇ ಹೇಳಿದೆ.

ಆಮೇಲೆ ಆ ಗರಿಯವರ ಹಟ್ಟಿಯ ಮೇಲೆ ದಂಡು ಬಿತ್ತು. ತೊಗಲಿನ ಗುಡಾರಗಳು ಉರಿದವು. ಹಳೆಯ ಸಿನಿಮಾ ನಮ್ಮ ಮಷೀನಿನಲ್ಲಿ ಸ್ವಲ್ಪ ಜೋರಾಗಿ ಓಡುತ್ತಿತ್ತು; ಆವರೆಗೆ ಮನುಷ್ಯರು ಗುಬ್ಬಿಗಳ ಹಾಗೆ ಕುಪ್ಪಳಿಸುವುದು ನೋಡಿ ನಕ್ಕಿದ್ದೆವು. ಈಗ ಅದೇ ಓಟದಲ್ಲಿ ಹೆಂಗಸರು ಮಕ್ಕಳನ್ನು ಸೊಂಟಕ್ಕಿಟ್ಟುಕೊಂಡು ಹೊಳೆಯ ಕಡೆ ಓಡಿದಾಗ ಯಾರೂ ನಗಲಿಲ್ಲ. ಒಬ್ಬ ಮುದುಕಿ ತನ್ನ ಗುಡಾರದ ಮುಂದೆ ಕದಲದೆ ನಿಂತಿದ್ದಳು. ನೀಲಮ್ಮನ ಕೈ ಹೇಳಿತು: ಎಲ್ಲಿಗೆ ಹೋಗಲಿ ಎನ್ನುತ್ತಾಳೆ. ನಾನು ಹೇಳಿದೆ: “ಎಲ್ಲಿಗಿ ಹೋಗ್ಲಿ ಅನ್ನಾಕತ್ತಾಳ.”

ನಮ್ಮ ಸೀಮೆಯಲ್ಲಿ, ಹೈದರಾಬಾದ ಸಂಸ್ಥಾನ ಮುಗಿಯುವಾಗಿನ ಗದ್ದಲದ ವರ್ಷಗಳು ಕಳೆದು ಆಗ ಹತ್ತು ವರ್ಷವೂ ಆಗಿರಲಿಲ್ಲ. ಒಮ್ಮೆ ಅವರು ಬಂದರೆಂದು ಇವರು, ಒಮ್ಮೆ ಇವರು ಬಂದರೆಂದು ಅವರು, ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟಿದ್ದರು. ಆ ಗೋದಾಮಿನಲ್ಲಿ ಓಡದೆ ಉಳಿದವರು ಕಡಿಮೆ. ಕತ್ತಲಲ್ಲಿ ಮೂಗು ಏರಿಸುವ ಸದ್ದು ಅಲ್ಲಲ್ಲಿ ಕೇಳಿತು. ಅದು ಮೆಣಸಿನಕಾಯಿಯ ಘಾಟಿಗಲ್ಲ. ಖೈರೂನ್‌ ಬೀ ಬಾಗಿಲು ಬಿಟ್ಟು ಬಂದು ಚಂದ್ರಮ್ಮನ ಪಕ್ಕದಲ್ಲಿ ಕುಕ್ಕರಿಸಿದಳು. ಆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಕೊನೆಗೆ ಬಂತು ಆ ಜಾಗ. ದಂಡಿನ ಯಜಮಾನನ ಮಗಳು ಯುದ್ಧದ ಧೂಳಿನಲ್ಲಿ ಕಳೆದುಹೋಗಿದ್ದಾಳೆ. ಗರಿಯವರ ತರುಣನೊಬ್ಬ ಆ ಕೂಸನ್ನು ಕುದುರೆಯ ಮೇಲೆ ಮುಂದೆ ಕೂಡಿಸಿಕೊಂಡು, ಒಬ್ಬನೇ, ಕೋಟೆಯ ಕಡೆ ಬರುತ್ತಿದ್ದಾನೆ. ಗೋಡೆಯ ಮೇಲಿನ ಬಂದೂಕುಗಳೆಲ್ಲ ಅವನ ಕಡೆ ತಿರುಗಿವೆ. ಬಾಗಿಲು ಮುಚ್ಚಿದೆ. ಅವನು ಬರುತ್ತಾನೆ, ಬರುತ್ತಾನೆ, ಬಾಗಿಲಿನ ಮುಂದೆ ಕುದುರೆ ನಿಲ್ಲಿಸುತ್ತಾನೆ.

ಪರದೆ ಬೆಳ್ಳಗಾಯಿತು.

ಕಿಂಡಿಯಿಂದ ದನಿ ಬಂತು: “ಮುಂದಿನ ರೀಲು ಡಬ್ಬಿದಾಗ ಇಲ್ರಿ.”

ಆ ಹೆಂಗಸರು ಮಾಡಿದ ಗಲಾಟೆಯನ್ನು ನಾನು ಬರೆಯಲಾರೆ. ಒಬ್ಬಳು ತೆಂಗಿನಕಾಯಿ ಎತ್ತಿಕೊಂಡು ಕಿಂಡಿಯ ಕಡೆ ಹೊರಟಿದ್ದಳು. “ಆ ಹುಡುಗನ್ನ ಗುಂಡಿಟ್ಟು ಸುಟ್ರೇನು? ಬಾಗ್ಲಾ ತಗದ್ರೇನು? ಅದೊಂದು ಹೇಳಿ ಸಾಯಿ” ಎಂದು ಬಯ್ಯುತ್ತಿದ್ದಳು. ಅಷ್ಟರಲ್ಲಿ ನೀಲಮ್ಮ ಎದ್ದು ನಿಂತಳು. ಅತ್ತೆ ಸೆರಗು ಹಿಡಿದೆಳೆದರು. ಸೆರಗು ಬಿಡಿಸಿಕೊಂಡು ಅವಳು ಜನರ ನಡುವೆ ದಾಟಿ ಪರದೆಯ ಮುಂದಿನ ಬೆಳಕಿನಲ್ಲಿ ಹೋಗಿ ನಿಂತಳು. ಮಷೀನು ಇನ್ನೂ ಖಾಲಿ ಬೆಳಕು ಬಿಡುತ್ತಿತ್ತು. ಅವಳ ಕೈಗಳ ನೆರಳು ಬಿಳಿಯ ಪರದೆಯ ಮೇಲೆ ಆಳೆತ್ತರ ಬಿತ್ತು.

ಅವಳು ಕುದುರೆಯ ಲಗಾಮು ಹಿಡಿದಳು. ಕೂಸನ್ನು ಎತ್ತಿ ತೋರಿಸಿದಳು. ಬಂದೂಕು ಹಿಡಿದು ಕಣ್ಣು ಕಿರಿದು ಮಾಡಿದಳು. ನಾನು ಎದ್ದು ನಿಂತು, ಅವಳ ಕೈ ಹೇಳಿದ್ದನ್ನು ಹೇಳುತ್ತ ಹೋದೆ. “ಅಪ್ಪ ಗೋಡಿ ಮ್ಯಾಲಿಂದ ಮಗಳ್ನ ನೋಡಿದ. ಸುಡಬ್ಯಾಡ್ರಿ ಅಂದ. ಮಂದಿ ಅವನ ಮಾತು ಕೇಳವಲ್ರು. ಅವನೇ ಓಡಿ ಇಳದು ಬಂದ. ಬಾಗ್ಲದ ಅಗಳಿ ಭಾಳ ಭಾರ ಅದ. ಒಬ್ಬನ ಕೈಲೆ ಆಗವಲ್ದು. ಹಿಟ್ಟು ನಾದೋ ಮುದುಕಿ ಬಂದು ಕೈ ಹಚ್ಚಿದ್ಲು. ಇನ್ನೊಬ್ಬಾಕಿ ಬಂದ್ಲು. ಬಾಗ್ಲ ತಗೀತು.” ನೀಲಮ್ಮ ಎರಡೂ ತೋಳು ಅಗಲಿಸಿ ಬಾಗಿಲು ತೆರೆದಳು. ನೆರಳಿನ ಬಾಗಿಲು ಪರದೆಯ ಈ ತುದಿಯಿಂದ ಆ ತುದಿಗೆ ತೆರೆಯಿತು.

ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಬಡಿಯಿತು. ಬೇವಿನ ಮರದ ಕೆಳಗೆ ಚಂದ್ರಮ್ಮ ನಮಗಾಗಿ ನಿಂತಿದ್ದರು. ಅತ್ತೆಯ ಮುಖ ಬೂದಿಯಾಗಿತ್ತು. ಆದರೂ ಒಂದು ಆಸೆ: ಇದೆಲ್ಲ ಹುಡುಗಾಟ ಎಂದು ಆಕೆ ತಿಳಿದಿರಬಹುದು. ಚಂದ್ರಮ್ಮ ನೀಲಮ್ಮನ ಹತ್ತಿರ ಬಂದು ಕೇಳಿದರು: “ನಿನ್ನ ಹೆಸರೇನವ್ವ?”

ಅತ್ತೆ ಹೇಳಿಕೊಟ್ಟ ಪಾಠ ಒಪ್ಪಿಸಲು ನಾನು ಬಾಯಿ ತೆರೆದೆ. ನೀಲಮ್ಮ ನನ್ನ ಬಾಯಿಯ ಮೇಲೆ ಅಂಗೈ ಇಟ್ಟಳು. ಇನ್ನೊಂದು ಕೈಯಿಂದ ತನ್ನ ಕಿವಿ ಮುಟ್ಟಿದಳು, ತುಟಿ ಮುಟ್ಟಿದಳು, ತಲೆ ಅಲ್ಲಾಡಿಸಿದಳು. ಆಮೇಲೆ ಚಂದ್ರಮ್ಮನ ಮುಖವನ್ನು ನೇರವಾಗಿ ನೋಡುತ್ತ ನಿಂತಳು.

ಚಂದ್ರಮ್ಮ ಕೈಯಲ್ಲಿದ್ದ ಮಲ್ಲಿಗೆಯ ಮಾಲೆಯನ್ನು ನೀಲಮ್ಮನ ಕೈಯಲ್ಲಿಟ್ಟು, “ದೇವರಿಗಿ ತಂದಿದ್ದೆ. ಒಣಗಿ ಹೋಗ್ತದ, ಮುಡಕೊ” ಎಂದರು. ಅತ್ತೆಗೆ ಒಂದು ನಮಸ್ಕಾರ ಮಾಡಿ, ಪೇಟೆಯ ಓಣಿ ಹಿಡಿದು ಹೊರಟುಹೋದರು.

ಹೂವು ಕೊಟ್ಟದ್ದು ಒಪ್ಪಿಗೆಯೋ, ಸಮಾಧಾನವೋ? ಬಸ್ಸಿನಲ್ಲಿ ಅತ್ತೆ ಅದನ್ನೇ ಲೆಕ್ಕ ಹಾಕುತ್ತ ಕೂತರು. ಮನೆಗೆ ಬಂದ ಮೇಲೆ ನಮ್ಮವರು ಬಯ್ದರು. “ಬಾಯಿಗಿ ಬೀಗ ಅಂಬೋದು ಇಲ್ಲೇನ ನಿಂಗ? ಊರಮಂದಿ ಮುಂದ ಡಂಗುರ ಹೊಡಿಬೇಕಿತ್ತೇನು?” ನಾನು ಮೊದಲ ಸಲ ಆ ಮನೆಯಲ್ಲಿ ಹೆಸರಿಗೆ ತಕ್ಕ ಹಾಗೆ ಸುಮ್ಮನಿದ್ದೆ. ನೀಲಮ್ಮ ಅಣ್ಣನ ಮುಂದೆ ಬಂದು ಮೀಸೆ ತಿರುವಿ, ತನ್ನ ಎದೆ ತಟ್ಟಿಕೊಂಡಳು. ಮಾಡಿದ್ದು ನಾನು, ಇವಳಲ್ಲ ಎಂದು ಅರ್ಥ. ಅವರು ಅದನ್ನು ನೋಡಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ದಿನಗಳು ಹೋದವು. ಹುಮನಾಬಾದಿನಿಂದ ಸುದ್ದಿ ಬರಲಿಲ್ಲ. ಬಳೆಗಾರ ನಮ್ಮ ಓಣಿ ಬಿಟ್ಟು ಬೇರೆ ಓಣಿಯಿಂದ ಹೋಗತೊಡಗಿದ. ಅತ್ತೆ ದಿನಾ ಲಿಂಗಪೂಜೆಗೆ ಕೂತಾಗ ಎಂದಿಗಿಂತ ಹೆಚ್ಚು ಹೊತ್ತು ಕಣ್ಣುಮುಚ್ಚುತ್ತಿದ್ದರು. ನೀಲಮ್ಮ ಮಾತ್ರ ಹಗುರಾಗಿದ್ದಳು. ಆ ಸಿನಿಮಾವನ್ನು ಓಣಿಯ ಹೆಂಗಸರಿಗೆ ಬಾವಿಕಟ್ಟೆಯ ಮೇಲೆ ಅದೆಷ್ಟು ಸಲ ಮಾಡಿ ತೋರಿಸಿದಳೋ. ಒಂದೊಂದು ಸಲ ಒಂದೊಂದು ಕುದುರೆ ಹೆಚ್ಚಾಗುತ್ತಿತ್ತು. ಒಗ್ಗರಣೆ ಹಾಕುವುದು ನನ್ನೊಬ್ಬಳದೇ ಚಾಳಿಯಲ್ಲವೆಂದು ನನಗೆ ಸಮಾಧಾನವಾಯಿತು.

ಅಮಾವಾಸ್ಯೆಗೆ ಪೇಟೆ ಬಂದ್ ಇರುತ್ತದೆ. ಅವತ್ತು ಬೆಳಿಗ್ಗೆ, ನೀಲಮ್ಮ ಅಂಗಳದಲ್ಲಿ ಮೊರ ಹಿಡಿದು ತೊಗರಿಬೇಳೆಯ ಕಲ್ಲು ಆರಿಸುತ್ತಿರುವಾಗ, ಬಿಳಿ ಧೋತರದ ಒಬ್ಬ ಹುಡುಗ ಬಾಗಿಲಲ್ಲಿ ನಿಂತು, “ನಾ ಹುಮನಾಬಾದ ರೇವಣಪ್ಪರಿ” ಎಂದ. ನಮ್ಮವರು ಗಡಬಡಿಸಿ ಕಂಬಳಿ ಹಾಸಿದರು. ನೀರು ಬಂತು, ಚಹಾ ಬಂತು. ಆತ ಯಾವುದನ್ನೂ ಮುಟ್ಟಲಿಲ್ಲ.

“ನಮ್ಮವ್ವ ಮನಿಗಿ ಬಂದು ಎಲ್ಲಾ ಹೇಳಿದ್ಲರಿ” ಎಂದ. “ಸಿಟ್ಟಿಗಿ ಬಂದಿದ್ಲು. ಮುಚ್ಚಿಟ್ಟು ತೋರಸ್ಲಿಕ್ಕ ಕರ್ಕೊಂಬಂದ್ರು ಅಂತ. ಆಮ್ಯಾಲ ಒಂದಿನ ತಾನೇ ಅಂದ್ಲು, ‘ಗದ್ದಲದಾಗ ಊರು ಬಿಟ್ಟಾಗ ಜ್ವಾಳದ ಹೊಲದಾಗ ಅಡಗಿ ಕೂತಿದ್ದಿವಿ. ಅವತ್ತು ಮಾತು ಬರೋರೆಲ್ಲ ಮೂಕರೇ ಆಗಿದ್ದಿವಿ. ಆ ಹುಡುಗಿ ನನ್ನ ಮುಂದ ನಿಂತು ಖರೇ ಹೇಳಿದ್ಲು. ಮುಚ್ಚಿಟ್ಟವರು ಬಾಯಿ ಇದ್ದವರು.’”

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಮ್ಮವರು ನೆಲ ನೋಡಿದರು.

“ಅವ್ವ ಒಪ್ಪಿದ್ರ ಸಾಲದಲ್ರಿ” ಎಂದು ರೇವಣಪ್ಪ ಅಂಗಳದ ಕಡೆ ನೋಡಿದ. “ಆಕಿಗಿ ನಾ ಒಪ್ಪಬೇಕಲ್ಲ.”

ಹೆಣ್ಣು ಕೇಳಲು ಬಂದವನ ಬಾಯಲ್ಲಿ ಈ ಮಾತು ನಾವು ಯಾರೂ ಕೇಳಿರಲಿಲ್ಲ. ನಮ್ಮವರು ನನಗೆ ಕಣ್ಸನ್ನೆ ಮಾಡಿದರು. ನಾನು ರೇವಣಪ್ಪನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ನಡುವೆ ನಿಂತು, ದುಭಾಷಿಯ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡೆ. ನೀಲಮ್ಮ ಮೊರ ಕೆಳಗಿಟ್ಟು ಎದ್ದಳು.

ಆತ ನನ್ನ ಕಡೆ ನೋಡಲೇ ಇಲ್ಲ. ನಿಮಗೆ ಗೊತ್ತಿರಬಹುದು, ಧಾನ್ಯದ ಪೇಟೆಯಲ್ಲಿ ದಲಾಲರು ದರವನ್ನು ಬಾಯಲ್ಲಿ ಹೇಳುವುದಿಲ್ಲ. ರುಮಾಲಿನ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಮಾತು ಮುಗಿಸುತ್ತಾರೆ. ಕೈಯಲ್ಲಿ ಮಾತಾಡುವುದು ಆತನ ದಿನದ ಧಂದೆ. ಆತ ಎರಡೂ ತೋಳು ಅಗಲಿಸಿ ಬಾಗಿಲು ತೆರೆದು ತೋರಿಸಿದ. ಆಮೇಲೆ ಅಂಗೈ ಮೇಲೆ ಮಾಡಿ ಕೇಳಿದ: ಬಾಗಿಲು ತೆರೆದ ಮೇಲೆ ಏನಾಯಿತು?

“ಅದು ಏನಾತಂದ್ರ...” ಎಂದು ನಾನು ಶುರುಮಾಡಿದೆ. ನೀಲಮ್ಮ ನನ್ನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

ಅವಳು ಕೈಯಾಡಿಸಿ ಹೇಳಿದಳು. ಕೂಸನ್ನು ಇಳಿಸಿದರು, ಕುದುರೆಗೆ ನೀರು ಕುಡಿಸಿದರು, ಗರಿಯವನು ಕಟ್ಟೆಯ ಮೇಲೆ ಕೂತು ಉಂಡ. ಆತ ಕಾಳಜಿಯಿಂದ ನೋಡಿದ. ಒಂದು ಕಡೆ ತಿಳಿಯಲಿಲ್ಲ, ಮತ್ತೆ ಹೇಳೆಂದ. ಅವಳು ಮತ್ತೆ ಹೇಳಿದಳು. ಕೊನೆಗೆ ಅವಳು ಹುಬ್ಬು ಗಂಟಿಕ್ಕಿ, ಮುಷ್ಟಿ ಬಿಗಿದು, ಆತನ ಕಡೆ ಬೆರಳು ಮಾಡಿ ಕೇಳಿದಳು: ನಿನಗೆ ಸಿಟ್ಟು ಬರುತ್ತದೆಯೇ? ಆತ ಸ್ವಲ್ಪ ಯೋಚಿಸಿದ. ಹೆಬ್ಬೆರಳು ತೋರುಬೆರಳನ್ನು ಹತ್ತಿರ ತಂದು, ಚಿಟಿಕೆ ಉಪ್ಪಿನಷ್ಟು ತೋರಿಸಿದ. ಇನ್ನೂ ಸ್ವಲ್ಪ ಯೋಚಿಸಿ, ಬೆರಳುಗಳನ್ನು ತುಸು ಅಗಲ ಮಾಡಿದ. ನೀಲಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು.

ಚಹಾ ಆರಿಹೋಗಿತ್ತು. ಆತ ಅದನ್ನೇ ಕುಡಿದು ಹೋದ.

ಮದುವೆ ಆ ವರ್ಷವೇ ಆಯಿತು. ಮುಂದೆ ನಾನು ಎಷ್ಟೋ ಸಲ ಹುಮನಾಬಾದಿಗೆ ಹೋದೆ. ಅವಳ ಬಾಣಂತನಗಳಿಗೆ, ಮಕ್ಕಳ ಜಾವಳಕ್ಕೆ, ಕೆಲವೊಮ್ಮೆ ಸುಮ್ಮನೆ ಮಾತಾಡಲು. ಊರು ಬೆಳೆಯಿತು. ಹೆದ್ದಾರಿಯ ಬದಿಗೆ ಕಾರಖಾನೆಗಳು ಬಂದವು, ಗೋದಾಮಿನ ಜಾಗದಲ್ಲಿ ಬೇರೆ ಏನೋ ಎದ್ದಿತು. ನೀಲಮ್ಮನ ಮಕ್ಕಳು ಮಾತು ಕಲಿಯುವ ಮುಂಚೆ ಕೈಮಾತು ಕಲಿತರು. ರೇವಣಪ್ಪ ತನ್ನ ಸಿಟ್ಟಿನ ಅಳತೆ ಸ್ವಲ್ಪ ಕಡಿಮೆಯೇ ತೋರಿಸಿದ್ದನೆಂದು ಒಮ್ಮೆ ಅವಳು ನನಗೆ ಹೇಳಿದಳು. ದಲಾಲರ ಗುಣ ಅದು ಎಂದು ನಾನು ಸಮಾಧಾನ ಮಾಡಿದೆ.

ಒಂದು ಸಲ ನಾನು ಹೋದಾಗ ಆ ಮನೆಯ ಅಂಗಳದಲ್ಲಿ ದೊಡ್ಡ ಜಗಳ ನಡೆದಿತ್ತು. ಉಪ್ಪಿನಕಾಯಿಯ ಭರಣಿಯನ್ನು ಯಾರು ಬಿಸಿಲಿಗೆ ಇಡದೆ ಬಿಟ್ಟರು ಎಂಬುದರ ಮೇಲೆ. ಚಂದ್ರಮ್ಮ ಬಾವಿಕಟ್ಟೆಯ ಈ ಕಡೆ, ನೀಲಮ್ಮ ಆ ಕಡೆ. ಒಂದು ಮಾತಿಲ್ಲ, ಸದ್ದಿಲ್ಲ. ನಾಲ್ಕು ಕೈಗಳು ಗಾಳಿಯಲ್ಲಿ ಬೀಸುತ್ತಿವೆ. ಆ ಮುದುಕಿಯ ಕೈಮಾತು ನನಗಿಂತ ಚುರುಕಾಗಿತ್ತು. ಭರಣಿ ತೋರಿಸಿದರು, ಸೂರ್ಯನನ್ನು ತೋರಿಸಿದರು, ನೀಲಮ್ಮನ ತವರನ್ನೂ ತೋರಿಸಿದರು. ತವರಿನ ಮಾತು ಬಂದದ್ದೇ ನೀಲಮ್ಮ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಅಲ್ಲಿಗೆ ಮುಗಿಯಿತು. ಕಣ್ಣು ಮುಚ್ಚಿದವಳ ಹತ್ತಿರ ಇನ್ನು ಹೇಗೆ ಜಗಳಾಡುವುದು? ಚಂದ್ರಮ್ಮ ಎತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟು, ಸೋತು, ನನ್ನ ಕಡೆ ತಿರುಗಿದರು.

“ನೋಡಿದ್ಯೇನವ್ವ ಶಾಂತಮ್ಮ? ನಿಮ್ಮ ಹುಡುಗಿ ಭಾಳ ಬಾಯಿಬಡಕಿ ಅದಾಳ.”